ಟೊಮೆಟೊ ತೋಟಕ್ಕೆ ತಂದ ದುಂಬಿ ಕಾಡಿನ ದುಂಬಿಯನ್ನು ಓಡಿಸಿದ್ದು ಹೇಗೆ?

ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ, ಬಿಸಿಲು ಸ್ವಲ್ಪ ಏರಿದ ಮೇಲೆ, ಬದನೆ ಗಿಡದ ಹತ್ತಿರ ಸುಮ್ನೆ ಐದು ನಿಮಿಷ ನಿಂತು ನೋಡಿ. ನಮ್ಮ ಹಿತ್ತಲಿಗೆ ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಚಿಕ್ಕ ಜೇನು ಬರುತ್ತದೆ. ಹಾರುವಾಗ ಅದರದ್ದು ಒಂದು ಸದ್ದು. ಹೂವಿನ ಹಳದಿ ಕೇಸರವನ್ನು ತಬ್ಬಿ ಹಿಡಿದ ಕೂಡಲೇ ಆ ಸದ್ದು ಬದಲಾಗುತ್ತದೆ, ಚೂಪಾಗುತ್ತದೆ. ರೆಕ್ಕೆ ಆಡುತ್ತಿರುವುದಿಲ್ಲ. ಮೈ ಮಾತ್ರ ಗಡಗಡ ನಡುಗುತ್ತಿರುತ್ತದೆ. ಅರೆಕ್ಷಣದಲ್ಲಿ ಕೇಸರದ ತುದಿಯಿಂದ ಪರಾಗದ ಪುಡಿ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಆಮೇಲೆ ಮುಂದಿನ ಹೂವು.

ಬದನೆ, ಟೊಮೆಟೊ ಹೂಗಳು ಪರಾಗವನ್ನು ಹೊರಗೆ ಹರಡಿ ಇಟ್ಟಿರುವುದಿಲ್ಲ. ತೂತಿನ ಮುಚ್ಚಳ ಇರುವ ಉಪ್ಪಿನ ಡಬ್ಬಿಯ ಹಾಗೆ ಒಳಗೆ ತುಂಬಿಟ್ಟಿರುತ್ತವೆ. ಅಲ್ಲಾಡಿಸಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಬಯಲಿನಲ್ಲಿ ಗಾಳಿಯೂ ಒಂದಿಷ್ಟು ಅಲ್ಲಾಡಿಸುತ್ತದೆ. ಆದರೆ ಎದೆಯ ಸ್ನಾಯುಗಳನ್ನು ನಡುಗಿಸಿ ಪರಾಗ ಉದುರಿಸುವ ವಿದ್ಯೆ ಎಲ್ಲ ಜೇನುಗಳಿಗೂ ಗೊತ್ತಿಲ್ಲ. ನಮ್ಮ ತುಡುವೆಗೂ ಗೊತ್ತಿಲ್ಲ, ಹೆಜ್ಜೇನಿಗೂ ಗೊತ್ತಿಲ್ಲ. ನೀಲಿ ಪಟ್ಟೆಯ ಈ ಜೇನಿಗೆ ಗೊತ್ತು, ಮರ ಕೊರೆಯುವ ಕಪ್ಪು ದುಂಬಿಗೆ ಗೊತ್ತು. ಚಳಿ ನಾಡುಗಳ ಬಂಬಲ್ ಬೀಗೂ ಚೆನ್ನಾಗಿ ಗೊತ್ತು.

ಈ ಒಂದು ವಿದ್ಯೆಯೇ ಬಂಬಲ್ ಬೀಯನ್ನು ಪೆಟ್ಟಿಗೆಯಲ್ಲಿ ತುಂಬಿ ವಿಮಾನ ಹತ್ತಿಸಿತು. ಅಲ್ಲಿಂದ ಮುಂದೆ ಆದದ್ದನ್ನು ಹೇಳಲು ಈ ಬರಹ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ದುಂಬಿ ಅಂದರೆ ಮಿರಮಿರ ಹೊಳೆಯುವ, ಬಿದಿರಿಗೆ, ಮನೆಯ ಜಂತಿಗೆ ತೂತು ಕೊರೆಯುವ ಕಪ್ಪು ಜೀವಿ. ಬಂಬಲ್ ಬೀ ಬೇರೆ. ಗುಂಡಗೆ, ಉಣ್ಣೆ ಹೊದ್ದ ಹಾಗೆ ಮೈತುಂಬ ಕೂದಲು, ತಂಪು ಹವೆಯ ಪ್ರಾಣಿ. ಪ್ರಪಂಚದಲ್ಲಿ ಸುಮಾರು 250 ಜಾತಿಗಳಿವೆ. ಭಾರತದಲ್ಲಿ ಹಿಮಾಲಯದ ಉದ್ದಕ್ಕೂ, ಕಾಶ್ಮೀರದಿಂದ ಅರುಣಾಚಲದವರೆಗೆ ಇವೆ. ದಕ್ಷಿಣದಲ್ಲಿ ಇಲ್ಲ. ಹಾಗಾಗಿ ಕೊಡಗಿನಲ್ಲೋ ಶಿರಸಿಯಲ್ಲೋ ಬಂಬಲ್ ಬೀ ಕಂಡೆ ಅಂತ ಯಾರಾದರೂ ಫೋಟೊ ಕಳಿಸಿದರೆ ಅದು ಹೆಚ್ಚುಕಡಿಮೆ ನಮ್ಮ ಮರ ಕೊರೆಯುವ ದುಂಬಿಯೇ ಆಗಿರುತ್ತದೆ. ಈ ಬರಹದಲ್ಲಿ ಬರೀ ದುಂಬಿ ಅಂದರೆ ಬಂಬಲ್ ಬೀ ಅಂತ ತಿಳಿದುಕೊಳ್ಳಿ.

ಈಗ ಯುರೋಪಿನ ಗಾಜಿನ ಮನೆಗಳಿಗೆ ಹೋಗೋಣ. ನೆದರ್ಲೆಂಡ್ಸ್, ಬೆಲ್ಜಿಯಂ ಕಡೆ ಟೊಮೆಟೊ ಬೆಳೆಯುವುದು ಗಾಜಿನ ಹಸಿರುಮನೆಯಲ್ಲಿ. ಒಳಗೆ ಗಾಳಿ ಇಲ್ಲ, ಜೇನೂ ಇಲ್ಲ. ಹೂವಿನ ಪರಾಗ ಉದುರಿಸುವುದು ಯಾರು? ಆಳುಗಳೇ ಉದುರಿಸಬೇಕಿತ್ತು. ಬ್ಯಾಟರಿಯಿಂದ ನಡುಗುವ ಕಡ್ಡಿ ಹಿಡಿದು, ಸಾಲು ಸಾಲಾಗಿ ನಡೆದು, ಒಂದೊಂದು ಗೊಂಚಲಿಗೂ ತಾಗಿಸಬೇಕಿತ್ತು. ವಾರಕ್ಕೆ ಒಂದಲ್ಲ, ಎರಡು ಮೂರು ಸಲ. ಕೂಲಿ ದುಬಾರಿ. 1985ರಲ್ಲಿ ಬೆಲ್ಜಿಯಂನ ರೋಲಾಂಡ್ ಡಿ ಯಾಂಗ್ ಎಂಬ ಪಶುವೈದ್ಯರು ದುಂಬಿ ಈ ಕೆಲಸವನ್ನು ಎಷ್ಟು ಸೊಗಸಾಗಿ ಮಾಡುತ್ತದೆ ಅಂತ ಗಮನಿಸಿದರು. 1987ರಲ್ಲಿ ದುಂಬಿ ಸಾಕಿ ಮಾರುವ ಕಂಪನಿಯನ್ನೇ ಕಟ್ಟಿದರು. ಬೇರೆಯವರೂ ಹಿಂದೆಯೇ ಬಂದರು. 2004ರ ಹೊತ್ತಿಗೆ ಪ್ರಪಂಚದಲ್ಲಿ ವರ್ಷಕ್ಕೆ 9 ಲಕ್ಷಕ್ಕೂ ಜಾಸ್ತಿ ದುಂಬಿ ಕುಟುಂಬಗಳು ಮಾರಾಟವಾಗುತ್ತಿದ್ದವು.

ಹೆಚ್ಚಾಗಿ ಸಾಕುವುದು ಒಂದೇ ಜಾತಿಯನ್ನು. ವಿಜ್ಞಾನಿಗಳು ಅದನ್ನು ಬಾಂಬಸ್ ಟೆರೆಸ್ಟ್ರಿಸ್ ಅನ್ನುತ್ತಾರೆ. ಕಪ್ಪು ಮೈ, ಎರಡು ಹಳದಿ ಪಟ್ಟೆ, ಬಿಳಿಚಿದ ಬಾಲ. ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಒಂದು ರಾಣಿ, ಕೆಲವು ಡಜನ್ ಕೆಲಸಗಾರರು, ಕುಡಿಯಲು ಸಕ್ಕರೆ ಪಾಕದ ಚೀಲ. ರೈತ ಪೆಟ್ಟಿಗೆಯನ್ನು ಹಸಿರುಮನೆಯಲ್ಲಿ ಇಟ್ಟು ಬಾಗಿಲು ತೆಗೆದರೆ ಆಯಿತು. ಇದರಲ್ಲಿ ಒಂದು ಒಳ್ಳೆಯದೂ ಇದೆ, ಅದನ್ನು ಮರೆಯಬಾರದು. ದುಂಬಿ ಸಾಯಬಾರದು ಅಂತ ಹಸಿರುಮನೆಯವರು ವಿಷ ಹೊಡೆಯುವುದನ್ನು ಕಡಿಮೆ ಮಾಡಿದರು.

ತನ್ನ ಊರಾದ ಯುರೋಪಿನಲ್ಲಿ ಟೆರೆಸ್ಟ್ರಿಸ್ ಯಾರಿಗೂ ಕಂಟಕವಲ್ಲ. ಅಲ್ಲಿನ ತೋಟಗಳಲ್ಲಿ ಎಲ್ಲರೂ ಇಷ್ಟಪಡುವ ಪ್ರಾಣಿ ಅದು. ಪೆಟ್ಟಿಗೆ ಸಮುದ್ರ ದಾಟಿದಾಗ ಕಥೆ ಬೇರೆಯಾಯಿತು.

ಚಿಲಿ ದೇಶದವರು 1997ರಲ್ಲಿ ಟೆರೆಸ್ಟ್ರಿಸ್ ಪೆಟ್ಟಿಗೆಗಳನ್ನು ತರಿಸಿಕೊಂಡರು. ಹಸಿರುಮನೆ ಟೊಮೆಟೊಗೆ ಅಂತಲೇ. ಹಸಿರುಮನೆಗೆ ಕಿಟಕಿ ಇರುತ್ತದೆ, ಗಾಳಿಗೆ ತೆರೆಯುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ? ಪೆಟ್ಟಿಗೆಯೊಳಗಿನ ಕುಟುಂಬ ಬೆಳೆದು ಕೊನೆಯಲ್ಲಿ ಹೊಸ ರಾಣಿಗಳನ್ನು ಹುಟ್ಟಿಸುತ್ತದೆ. ಅವು ಹೊರಗೆ ಹಾರಿ, ಗಂಡಿನ ಜೊತೆ ಸೇರಿ, ಮಣ್ಣಿನಲ್ಲಿ ಹುದುಗಿ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಎದ್ದು ಯಾವುದೋ ಹಳೆಯ ಇಲಿ ಬಿಲ ಹುಡುಕಿ ಒಂಟಿಯಾಗಿ ಹೊಸ ಸಂಸಾರ ಹೂಡುತ್ತವೆ. ಅಂದರೆ ಒಂದು ಪೆಟ್ಟಿಗೆಯಿಂದ ಹತ್ತಾರು ಹೊಸ ಕುಟುಂಬಗಳು ಹುಟ್ಟಬಹುದು.

ತಾಸ್ಮೇನಿಯಾದ ಉದಾಹರಣೆ ಕೇಳಿದರೆ ಇದು ಎಷ್ಟು ಸುಲಭ ಅಂತ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಆ ದ್ವೀಪದಲ್ಲಿ 1992ರಲ್ಲಿ ಟೆರೆಸ್ಟ್ರಿಸ್ ಮೊದಲ ಸಲ ಕಂಡಿತು. ನ್ಯೂಜಿಲೆಂಡಿನಿಂದ ಹೇಗೋ ಬಂದಿತ್ತು. ಆಮೇಲೆ ವಂಶವಾಹಿ ಪರೀಕ್ಷೆ ಮಾಡಿದಾಗ, ದ್ವೀಪ ತುಂಬಿದ ಅಷ್ಟೂ ದುಂಬಿಗಳು ಬರೀ ಎರಡು ರಾಣಿಗಳ ಸಂತಾನ ಆಗಿರಬಹುದು ಅಂತ ತಿಳಿಯಿತು. ಎರಡೇ ಎರಡು!

ಚಿಲಿಯ ಪೂರ್ವಕ್ಕೆ ಆಂಡಿಸ್ ಪರ್ವತ. ಅದರಾಚೆ ಅರ್ಜೆಂಟೀನಾ. ಈ ದುಂಬಿ ಬೇಡ ಅಂತ ಅರ್ಜೆಂಟೀನಾ ನಿರ್ಧರಿಸಿತ್ತು. ಆದರೆ 2006ರಲ್ಲಿ ಟೆರೆಸ್ಟ್ರಿಸ್ ಪರ್ವತದ ತಗ್ಗು ಕಣಿವೆಗಳ ದಾರಿಯಾಗಿ ಗಡಿ ದಾಟಿ ಅಲ್ಲಿ ಕಾಣಿಸಿಕೊಂಡಿತು. ವರ್ಷಕ್ಕೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹರಡಿತು. ಇನ್ನೈದು ವರ್ಷಗಳಲ್ಲಿ ಅಟ್ಲಾಂಟಿಕ್ ಕಡಲ ತೀರ ಮುಟ್ಟಿತು, ಖಂಡದ ದಕ್ಷಿಣ ತುದಿಯ ಹತ್ತಿರವೂ ಹೋಯಿತು. ಮೈಸೂರಿನಲ್ಲಿ ಬಿಟ್ಟದ್ದು ಮೂರೂವರೆ ವರ್ಷದೊಳಗೆ ಬೀದರ್ ದಾಟಿದ ಲೆಕ್ಕ ಅದು.

ಆ ಕಾಡುಗಳಲ್ಲಿ ಮೊದಲಿನಿಂದ ಇದ್ದದ್ದು ಯಾರು? ಅದರ ಹೆಸರು ಬಾಂಬಸ್ ದಾಲ್‌ಬೋಮಿ. ಪ್ರಪಂಚದ ಅತಿ ದೊಡ್ಡ ಬಂಬಲ್ ಬೀ. ರಾಣಿಯ ಉದ್ದ ಸುಮಾರು ಮೂರು ಸೆಂಟಿಮೀಟರ್, ಹೆಚ್ಚುಕಡಿಮೆ ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಮೈತುಂಬ ಕಿತ್ತಳೆ ಬಣ್ಣದ ದಟ್ಟ ತುಪ್ಪಳ. ಹಾರುವ ಇಲಿ ಅಂತ ಕರೆದವರಿದ್ದಾರೆ. ಚಿಲಿಯ ಜನ ಅದನ್ನು ಮೊಸ್ಕಾರ್ದೋನ್ ಅನ್ನುತ್ತಾರೆ. ಚಿಲಿ, ಅರ್ಜೆಂಟೀನಾಗಳ ದಕ್ಷಿಣ ಭಾಗವಾದ ಪ್ಯಾಟಗೋನಿಯಾದ ತಂಪು ಕಾಡುಗಳಿಗೆ ಅದೊಂದೇ ನಾಟಿ ಬಂಬಲ್ ಬೀ. ಬೇರೆ ಯಾವ ಜಾತಿಯೂ ಅಲ್ಲಿ ಇರಲಿಲ್ಲ. ಉದ್ದ ನಾಲಗೆ ಅದರದ್ದು, ಆಳವಾದ ಹೂಗಳಿಗೂ ಎಟುಕುತ್ತದೆ. ಅಮನ್ಕಾಯ್ ಅನ್ನುವ ಹಳದಿ ಹೂವು ಅಲ್ಲಿನ ಕಾಡಿನಡಿಯಲ್ಲಿ ಹಾಸಿಗೆ ಹಾಸಿದ ಹಾಗೆ ಅರಳುತ್ತದೆ. ಅದಕ್ಕೆ ಮುಖ್ಯ ಅತಿಥಿ ಈ ಕಿತ್ತಳೆ ದುಂಬಿಯೇ ಆಗಿತ್ತು.

ಅರ್ಜೆಂಟೀನಾದ ಬರಿಲೋಚೆ ಊರಿನ ವಿಜ್ಞಾನಿಗಳಾದ ಕರೋಲಿನಾ ಮೊರಾಲೆಸ್, ಮಾರಿನಾ ಆರ್ಬೆಟ್ಮನ್, ಮಾರ್ಸೆಲೋ ಐಜೆನ್ ಇದೇ ಅಮನ್ಕಾಯ್ ಹೂಗಳ ಹತ್ತಿರ ಕೂತು ಯಾವ ದುಂಬಿ ಬರುತ್ತದೆ ಅಂತ ಎಣಿಸುತ್ತಾ ಬಂದವರು. ಒಂದೆರಡು ವರ್ಷ ಅಲ್ಲ, 20 ವರ್ಷ. 2013ರಲ್ಲಿ ಆ ಎಣಿಕೆಯನ್ನು ಪ್ರಕಟಿಸಿದರು. ಮೊದಮೊದಲು ಕಿತ್ತಳೆ ದುಂಬಿಯೇ ಜಾಸ್ತಿ. ನಡುವೆ ಬಾಂಬಸ್ ರುಡೆರೇಟಸ್ ಅನ್ನುವ ಇನ್ನೊಂದು ಯುರೋಪಿನ ಜಾತಿ ಬಂತು. ಅದನ್ನು ಚಿಲಿಯವರು 1980ರ ದಶಕದ ಮೊದಲಲ್ಲೇ ಮೇವಿನ ಕ್ಲೋವರ್ ಗಿಡದ ಬೀಜಕ್ಕಾಗಿ ನ್ಯೂಜಿಲೆಂಡಿನಿಂದ ತಂದಿದ್ದರು. ಆಗ ಕಿತ್ತಳೆ ದುಂಬಿ ಕಡಿಮೆಯಾಯಿತು, ಆದರೂ ಉಳಿದಿತ್ತು. 2006ರಲ್ಲಿ ಟೆರೆಸ್ಟ್ರಿಸ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಆ ಹೂಗಳ ಮೇಲೆ ಕಿತ್ತಳೆ ದುಂಬಿ ಕಾಣಿಸುವುದೇ ನಿಂತುಹೋಯಿತು. ಹೂವು ಅದೇ, ಕಾಡು ಅದೇ, ಎಣಿಸುವವರೂ ಅವರೇ.

2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಕಿತ್ತಳೆ ದುಂಬಿ ಅಳಿವಿನಂಚಿನ ಜೀವಿ ಅಂತ ದಾಖಲಾಯಿತು.

ಇಷ್ಟು ದೊಡ್ಡ ದುಂಬಿಯನ್ನು ಅದರ ಅರ್ಧ ಗಾತ್ರದ ದುಂಬಿ ಹೊಡೆದು ಓಡಿಸಿತಾ? ಇಲ್ಲ. ಎರಡು ದುಂಬಿಗಳು ಹೂವಿನ ಮೇಲೆ ಎದುರಾದರೆ ಜಗಳವೇನೂ ಆಗುವುದಿಲ್ಲ, ಸುಮ್ಮನೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹೊಡೆತ ಕಣ್ಣಿಗೆ ಕಾಣದ ಕಡೆಯಿಂದ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಅನ್ನಿಸುವುದು ರೋಗ. ಹೂವನ್ನು ಸಂತೆಯ ಅರವಟ್ಟಿಗೆಯ ಲೋಟ ಅಂತ ಅಂದುಕೊಳ್ಳಿ. ದಿನಕ್ಕೆ ಹತ್ತಾರು ಬಾಯಿ ಅದೇ ಲೋಟಕ್ಕೆ ತಾಗುತ್ತವೆ. ರೋಗ ಇರುವ ದುಂಬಿ ಹೂವಿನ ಮೇಲೆ ಒಂದು ಸಣ್ಣ ಹನಿ ಹಿಕ್ಕೆ ಬಿಟ್ಟು ಹೋದರೂ ಸಾಕು, ಮುಂದೆ ಬರುವ ದುಂಬಿಯ ಹೊಟ್ಟೆಗೆ ಅದು ಸೇರಬಹುದು. ಹೀಗೆ ಹರಡುವ ಒಂದು ಏಕಕೋಶ ಜೀವಿ ಇದೆ, ಎಪಿಸಿಸ್ಟಿಸ್ ಬಾಂಬಿ ಅಂತ. ಅದು ದುಂಬಿಯ ಮೈಯಲ್ಲಿರುವ ಕೊಬ್ಬನ್ನು ತಿನ್ನುತ್ತದೆ. ಕೊಬ್ಬು ಅಂದರೆ ರಾಣಿಗೆ ಚಳಿಗಾಲದ ಬುತ್ತಿ. ಬುತ್ತಿ ಹೋದರೆ ವಸಂತದಲ್ಲಿ ಎದ್ದರೂ ಗೂಡು ಕಟ್ಟುವ ಕಸುವು ಇರುವುದಿಲ್ಲ. ಒಂದು ರಾಣಿ ಸತ್ತರೆ ಒಂದು ದುಂಬಿ ಹೋಯಿತು ಅಂತಲ್ಲ. ಆ ವರ್ಷ ಹುಟ್ಟಬೇಕಿದ್ದ ಇಡೀ ಕುಟುಂಬವೇ ಹೋಯಿತು.

ಬರಿಲೋಚೆ ಸುತ್ತ ಟೆರೆಸ್ಟ್ರಿಸ್ ಬರುವ ಮೊದಲು ಹಿಡಿದಿಟ್ಟಿದ್ದ ಹಳೆಯ ದುಂಬಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಆಗಿನವುಗಳಲ್ಲಿ ಈ ಜೀವಿ ಸಿಗಲಿಲ್ಲ. ಟೆರೆಸ್ಟ್ರಿಸ್ ಬಂದ ಮೇಲಿನವುಗಳಲ್ಲಿ ಸಿಕ್ಕಿತು. ಬರೀ ಟೆರೆಸ್ಟ್ರಿಸ್‌ನಲ್ಲಿ ಅಲ್ಲ, ಕಿತ್ತಳೆ ದುಂಬಿಯಲ್ಲೂ ಸಿಕ್ಕಿತು. ಯುರೋಪಿನ ದುಂಬಿಗಳು ತಲೆತಲಾಂತರದಿಂದ ಈ ರೋಗದ ಜೊತೆ ಬಾಳಿವೆ, ಅವುಗಳ ಮೈಗೆ ಅದು ಹಳೆಯ ಪರಿಚಯ. ಪ್ಯಾಟಗೋನಿಯಾದ ದುಂಬಿಗೆ ಇದು ಹೊಸದು. ಸಿಡುಬು ಕಾಣದ ಊರಿಗೆ ಸಿಡುಬು ಬಂದ ಹಾಗೆ.

ಮಾರುವ ಪೆಟ್ಟಿಗೆಗಳು ರೋಗಮುಕ್ತ ಅಂತ ಕಂಪನಿಗಳು ಹೇಳುತ್ತಿದ್ದವಲ್ಲ? ಅದನ್ನೂ ಪರೀಕ್ಷಿಸಿದವರಿದ್ದಾರೆ. ಬ್ರಿಟನ್ನಿನ ವಿಜ್ಞಾನಿಗಳು ಮೂರು ಕಂಪನಿಗಳಿಂದ ಒಟ್ಟು 48 ಕುಟುಂಬ ಕೊಂಡು ಪರೀಕ್ಷೆ ಮಾಡಿದರು. 2013ರಲ್ಲಿ ಬಂದ ಫಲಿತಾಂಶ: ಶೇ 77ರಷ್ಟು ಕುಟುಂಬಗಳಲ್ಲಿ ಒಂದಲ್ಲ ಒಂದು ರೋಗಾಣು ಇತ್ತು. ದುಂಬಿಗಳಿಗೆ ತಿನ್ನಿಸಲು ಕೊಡುವ ಪರಾಗದಲ್ಲೂ ಇತ್ತು. ಆ ಪರಾಗವನ್ನು ಸಾಮಾನ್ಯ ಜೇನುಗೂಡುಗಳಿಂದ ತೆಗೆದಿರುತ್ತಾರೆ. ಅಂದರೆ ಅದರ ಮೂಲಕ ಜೇನಿನ ರೋಗ ದುಂಬಿಗೆ ಹತ್ತಬಹುದು, ದುಂಬಿಯಿಂದ ಕಾಡಿನ ಬೇರೆ ಜೇನುಗಳಿಗೂ ಹತ್ತಬಹುದು.

ರೋಗದ ಪಕ್ಕದಲ್ಲೇ ಹಸಿವಿನ ಹೊಡೆತವೂ ಇದೆ. ಊಟಿಯ ತೋಟಗಳಲ್ಲಿ ನೇತಾಡುವ ಫ್ಯೂಷಿಯಾ ಹೂವನ್ನು ನೀವು ನೋಡಿರಬಹುದು. ಕೆಂಪು ಲಂಗ, ಒಳಗೆ ನೇರಳೆ ಪಾವಡೆ ಉಟ್ಟ ಪುಟ್ಟ ಹುಡುಗಿಯಂತೆ ತಲೆಕೆಳಗಾಗಿ ತೂಗುವ ಹೂವು. ಅದರ ಒಂದು ಜಾತಿಯ ತವರು ಇದೇ ಪ್ಯಾಟಗೋನಿಯಾ. ಅಲ್ಲಿ ಅದಕ್ಕೆ ಚಿಲ್ಕೊ ಅನ್ನುತ್ತಾರೆ. ಮಕರಂದ ಇರುವುದು ಉದ್ದ ಕೊಳವೆಯ ಬುಡದಲ್ಲಿ. ಉದ್ದ ಕೊಕ್ಕಿನ ಝೇಂಕಾರದ ಹಕ್ಕಿ (ಹಮ್ಮಿಂಗ್ ಬರ್ಡ್), ಉದ್ದ ನಾಲಗೆಯ ಕಿತ್ತಳೆ ದುಂಬಿ ಕೆಳಗಿನ ಬಾಯಿಯಿಂದ ಒಳಗೆ ಹೋಗಿ ಕುಡಿಯುತ್ತವೆ. ಹೋಗುವಾಗ ಬರುವಾಗ ಕೇಸರ ತಾಗುತ್ತದೆ, ಪರಾಗ ಮೈಗೆ ಹತ್ತುತ್ತದೆ. ಹೂವಿಗೆ ಸಿಗಬೇಕಾದ ಬಾಡಿಗೆ ಅದು.

ಟೆರೆಸ್ಟ್ರಿಸ್ ನಾಲಗೆ ಗಿಡ್ಡ. ಅಷ್ಟು ದೂರ ಎಟುಕುವುದಿಲ್ಲ. ಅದು ಕೊಳವೆಯ ಹೊರಗೆ ಕೂತು, ಬುಡದ ಹತ್ತಿರ ದವಡೆಯಿಂದ ಕಚ್ಚಿ ಒಂದು ತೂತು ಮಾಡುತ್ತದೆ. ಆ ತೂತಿನಿಂದ ನಾಲಗೆ ಹಾಕಿ ಮಕರಂದ ಹೀರಿಬಿಡುತ್ತದೆ. ಬಾಗಿಲಿಂದ ಬರದೆ ಕನ್ನ ಹಾಕಿ ಬಂದ ಹಾಗೆ. ಕೇಸರಕ್ಕೆ ಮೈ ತಾಗುವುದೇ ಇಲ್ಲ. ಹೂವು ಮಕರಂದ ಕಳೆದುಕೊಂಡಿತು, ಪರಾಗ ಅಲ್ಲೇ ಉಳಿಯಿತು. ಒಂದು ಸಲ ತೂತು ಬಿದ್ದ ಮೇಲೆ ಬೇರೆ ಕೀಟಗಳೂ ಅದೇ ದಾರಿ ಹಿಡಿಯುತ್ತವೆ. ಆಮೇಲೆ ನಿಯತ್ತಾಗಿ ಬಾಗಿಲಿಂದ ಬಂದವರಿಗೆ ಖಾಲಿ ಪಾತ್ರೆ ಸಿಗುತ್ತದೆ.

ದುಂಬಿಗಳ ಸಂಖ್ಯೆ ಮಿತಿ ಮೀರಿದರೆ ಬೆಳೆಗೂ ಏಟು ಬೀಳುತ್ತದೆ. ಇದು ನನಗೂ ಆಶ್ಚರ್ಯ ತಂದ ವಿಷಯ. ಜೇನು ಜಾಸ್ತಿ ಬಂದಷ್ಟೂ ಫಸಲು ಜಾಸ್ತಿ ಅಂತ ನಾವೆಲ್ಲ ಕೇಳಿದ್ದೇವೆ ಅಲ್ವಾ? ಪ್ಯಾಟಗೋನಿಯಾದ ರಾಸ್ಪ್‌ಬೆರಿ ತೋಟಗಳಲ್ಲಿ ಅದು ತಿರುಗುಮುರುಗಾಯಿತು. ರಾಸ್ಪ್‌ಬೆರಿ ಹಣ್ಣು ಅಂದರೆ ಸಣ್ಣ ಸಣ್ಣ ಮಣಿಗಳ ಗೊಂಚಲು. ಹೂವಿನ ನಡುವೆ ಕೂದಲೆಳೆಯಂಥ ಹೆಣ್ಣು ಎಳೆಗಳು ನಿಂತಿರುತ್ತವೆ, ಒಂದೊಂದು ಎಳೆಗೆ ಒಂದೊಂದು ಮಣಿ. ಪರಾಗ ಆ ಎಳೆಯ ಮೂಲಕ ಕೆಳಗಿಳಿದರೆ ಮಣಿ ಕಟ್ಟುತ್ತದೆ. ಟೆರೆಸ್ಟ್ರಿಸ್ ಎಷ್ಟು ತುಂಬಿಕೊಂಡಿತ್ತು ಅಂದರೆ ಒಂದೇ ಹೂವಿಗೆ ಮತ್ತೆ ಮತ್ತೆ ಬಂದು, ಎಳೆಗಳ ಮೇಲೆ ತುಳಿದು ಓಡಾಡಿ, ಅವುಗಳನ್ನು ಮುರಿದು ಹಾಕಿತು. ಹೂವಿನ ಮೇಲೆ ಪರಾಗ ಬೇಕಾದಷ್ಟು ಬಿದ್ದಿತ್ತು. ಇಳಿಯಲು ದಾರಿಯೇ ಇರಲಿಲ್ಲ. ಮಣಿಗಳು ಕಡಿಮೆ ಕಟ್ಟಿದವು. ಬೆಳೆಗೆ ಒಳ್ಳೆಯದಾಗಲಿ ಅಂತ ತಂದ ಜೀವಿ ಪಕ್ಕದ ದೇಶದ ಬೆಳೆಗಾರನ ಹೂವನ್ನು ತುಳಿಯಿತು. ಆ ಬೆಳೆಗಾರ ಅದನ್ನು ಕೇಳಿಯೂ ಇರಲಿಲ್ಲ.

ಇನ್ನು ಗೂಡಿನ ಪೈಪೋಟಿ. ಎರಡಕ್ಕೂ ಬೇಕಾದ್ದು ನೆಲದೊಳಗಿನ ಬಿಲ. ಯಾರು ಮೊದಲು ಹಿಡಿದರೆ ಅವರದ್ದು. ಟೆರೆಸ್ಟ್ರಿಸ್‌ಗೆ ಚಳಿ ತಡೆಯುತ್ತದೆ, ಬೇಗ ಕೆಲಸ ಶುರು ಮಾಡುತ್ತದೆ, ಸಿಕ್ಕ ಹೂವೆಲ್ಲ ಅದಕ್ಕೆ ಆಗುತ್ತದೆ, ಕುಟುಂಬವೂ ದೊಡ್ಡದು. ಇದರಲ್ಲಿ ಯಾವ ಒಂದು ಗುಣವೂ ತಪ್ಪಲ್ಲ. ಎಲ್ಲ ಒಟ್ಟಿಗೆ ಸೇರಿ ಹೊಸ ಜಾಗಕ್ಕೆ ಬಂದಾಗ ಅಲ್ಲಿದ್ದವರಿಗೆ ಜಾಗ ಉಳಿಯುವುದಿಲ್ಲ.

ಜಪಾನಿನಲ್ಲಿ ನಡೆದದ್ದು ಇನ್ನೊಂದು ಥರ, ಕೇಳಿದರೆ ಸಂಕಟವಾಗುತ್ತದೆ. ಅಲ್ಲಿಯೂ 1990ರ ದಶಕದ ಮೊದಲಲ್ಲಿ ಟೊಮೆಟೊಗೆ ಅಂತ ಟೆರೆಸ್ಟ್ರಿಸ್ ಬಂತು. 1996ರಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಹಸಿರುಮನೆಯ ಹೊರಗೆ ಅದರ ಗೂಡು ಸಿಕ್ಕಿತು. ಜಪಾನಿನ ನಾಟಿ ದುಂಬಿಗಳಲ್ಲಿ ಕೆಲವು ಟೆರೆಸ್ಟ್ರಿಸ್‌ಗೆ ಹತ್ತಿರದ ನಂಟು. ಎಷ್ಟು ಹತ್ತಿರ ಅಂದರೆ ಟೆರೆಸ್ಟ್ರಿಸ್ ಗಂಡು ಅಲ್ಲಿನ ನಾಟಿ ರಾಣಿಯ ಜೊತೆ ಕೂಡುತ್ತದೆ. ಆದರೆ ಮರಿ ಆಗುವಷ್ಟು ಹತ್ತಿರ ಅಲ್ಲ. ಬಂಬಲ್ ಬೀ ರಾಣಿ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ ಕೂಡುವುದು. ಆ ಒಂದು ಸಲ ತಪ್ಪಾದ ಗಂಡು ಸಿಕ್ಕಿದರೆ ಮುಗಿಯಿತು. ಅವಳು ಚಳಿಗಾಲ ಪೂರ್ತಿ ಮಣ್ಣಿನಲ್ಲಿ ಕಾದು, ವಸಂತದಲ್ಲಿ ಎದ್ದು, ಬಿಲ ಹುಡುಕಿ, ಮೇಣದಲ್ಲಿ ಸಣ್ಣ ಗಡಿಗೆ ಮಾಡಿ, ಮೊಟ್ಟೆ ಇಟ್ಟು, ಅದರ ಮೇಲೆ ಕಾವು ಕೂರುತ್ತಾಳೆ. ಮೊಟ್ಟೆ ಒಡೆಯುವುದೇ ಇಲ್ಲ. ವಿಜ್ಞಾನಿಗಳು ಕಾಡಿನ ರಾಣಿಗಳನ್ನು ಹಿಡಿದು ಪರೀಕ್ಷಿಸಿದಾಗ ಒಂದು ನಾಟಿ ಬಗೆಯಲ್ಲಿ ಶೇ 20ರಷ್ಟು, ಇನ್ನೊಂದರಲ್ಲಿ ಶೇ 30ರಷ್ಟು ರಾಣಿಗಳು ಹೀಗೆ ಟೆರೆಸ್ಟ್ರಿಸ್ ಗಂಡಿನ ಜೊತೆ ಕೂಡಿದ್ದವು. ಐದರಲ್ಲಿ ಒಂದು, ಹತ್ತರಲ್ಲಿ ಮೂರು. ಹೂವಿನ ಮೇಲೆ ನೋಡುವವರಿಗೆ ಆ ರಾಣಿ ಆರೋಗ್ಯವಾಗಿಯೇ ಕಾಣುತ್ತಾಳೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ದುಂಬಿಗಳು ಕಡಿಮೆಯಾದಲ್ಲೆಲ್ಲ ಹೊರಗಿನ ದುಂಬಿಯೇ ಕಾರಣ ಅಲ್ಲ. ಹುಲ್ಲುಗಾವಲು ಹೋಗಿದೆ, ಕೀಟನಾಶಕ ಬಂದಿದೆ, ಹವೆ ಬಿಸಿಯಾಗುತ್ತಿದೆ. ಅಮೆರಿಕದ ಒರೆಗಾನ್ ಮತ್ತು ಕ್ಯಾಲಿಫೋರ್ನಿಯಾ ಗಡಿಯಲ್ಲಿ ಫ್ರ್ಯಾಂಕ್ಲಿನ್ ಬಂಬಲ್ ಬೀ ಅಂತ ಒಂದಿತ್ತು. ರಾಬಿನ್ ಥಾರ್ಪ್ ಎಂಬ ಕೀಟ ವಿಜ್ಞಾನಿ ಅದನ್ನು ವರ್ಷಾನುಗಟ್ಟಲೆ ಹುಡುಕಿದರು. 2006ರ ಆಗಸ್ಟ್‌ನಲ್ಲಿ ಒಂದು ಕಂಡರು. ಅದೇ ಕೊನೆ. ವ್ಯಾಪಾರದ ದುಂಬಿಗಳಿಂದ ಬಂದ ರೋಗ ಇದಕ್ಕೆ ಕಾರಣ ಅಂತ ಅವರಿಗೆ ಬಲವಾದ ಅನುಮಾನ ಇತ್ತು. ಆದರೆ ಅದು ಅನುಮಾನವೇ. ಪ್ಯಾಟಗೋನಿಯಾ ಹಾಗಲ್ಲ. ಅಲ್ಲಿ ದಟ್ಟ ಕಾಡಿನ ನಡುವೆ, ಹೊಲ ಇಲ್ಲದ, ವಿಷ ಹೊಡೆಯದ ಜಾಗದಲ್ಲೂ ಕಿತ್ತಳೆ ದುಂಬಿ ಹೋಯಿತು, ಅದೂ ಹೊಸಬ ಬಂದ ಬೆನ್ನಿಗೇ ಹೋಯಿತು.

ಹಾಗಾದರೆ ಏನು ಮಾಡಬಹುದು? ಬಿಟ್ಟದ್ದನ್ನು ಹಿಡಿಯಲು ಆಗುವುದಿಲ್ಲ. ಹೊಕ್ಕೈಡೊದಲ್ಲಿ ಊರಿನ ಜನ ವಸಂತ ಬಂದ ಕೂಡಲೇ ಬಲೆ ಹಿಡಿದು ಹೊರಟು ರಾಣಿಗಳನ್ನು ಹಿಡಿದಿದ್ದಾರೆ. ಅದರಿಂದ ಒಂದಿಷ್ಟು ತಡೆ ಆಗಬಹುದು, ಅಳಿಸಲು ಆಗಿಲ್ಲ. ಹಾಗಾಗಿ ಬಾಗಿಲಲ್ಲೇ ತಡೆಯುವುದೊಂದೇ ದಾರಿ. ಜಪಾನ್ 2006ರಲ್ಲಿ ಟೆರೆಸ್ಟ್ರಿಸ್ ಅನ್ನು ಅಪಾಯದ ಹೊರಜೀವಿ ಅಂತ ಕಾನೂನಿನಲ್ಲಿ ಸೇರಿಸಿತು. ಸಾಕಬೇಕಾದರೆ ಪರವಾನಗಿ ಬೇಕು, ಹಸಿರುಮನೆಗೆ ಬಲೆ ಕಟ್ಟಬೇಕು. ಆಸ್ಟ್ರೇಲಿಯಾದ ಹಸಿರುಮನೆ ಬೆಳೆಗಾರರು ಮುಖ್ಯ ಭೂಭಾಗಕ್ಕೆ ಈ ದುಂಬಿ ಬೇಕು ಅಂತ ಅರ್ಜಿ ಹಾಕಿದ್ದರು. 2008ರಲ್ಲಿ ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ನನ್ನ ನಂಬಿಕೆ.

ಚಿಲಿ ಮಾತ್ರ ದುಂಬಿ ಗಡಿ ದಾಟಿದ್ದು ಗೊತ್ತಾದ ಮೇಲೂ ವರ್ಷ ವರ್ಷ ಪೆಟ್ಟಿಗೆ ತರಿಸುತ್ತಲೇ ಬಂತು. ಒಂದು ದೇಶ ಬೇಕು ಅನ್ನುತ್ತದೆ, ಪಕ್ಕದ ದೇಶ ಬೇಡ ಅನ್ನುತ್ತದೆ, ನಡುವೆ ದುಂಬಿಗೆ ಗಡಿಯೇ ಕಾಣುವುದಿಲ್ಲ. ಒಂದು ದೇಶದ ಅನುಮತಿ ಪತ್ರ ಇಡೀ ಖಂಡಕ್ಕೆ ಅನುಮತಿ ಕೊಟ್ಟ ಹಾಗಾಯಿತು. ನನಗೆ ಎಲ್ಲಕ್ಕಿಂತ ಬೇಸರ ತರುವುದು ಇದೇ. ಅಕ್ಕಪಕ್ಕದ ದೇಶಗಳು ಕೂತು ಮಾತಾಡಿ ಒಟ್ಟಿಗೆ ತೀರ್ಮಾನಿಸಬೇಕಿದ್ದ ವಿಷಯ ಅದು.

ಪರಾಗ ಉದುರಿಸಲು ಹೊರಗಿನ ದುಂಬಿಯೇ ಆಗಬೇಕು ಅಂತೇನೂ ಇಲ್ಲ. ಜಪಾನಿನಲ್ಲಿ ತಮ್ಮದೇ ನಾಟಿ ದುಂಬಿಯನ್ನು ಸಾಕಿ ಹಸಿರುಮನೆಗೆ ಕೊಡುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ನೀಲಿ ಪಟ್ಟೆ ಜೇನಿನ ಮೇಲೆ ಪ್ರಯೋಗ ನಡೆದಿದೆ. ನಮ್ಮ ದೇಶದಲ್ಲಿ ಹಿಮಾಚಲದ ಸೋಲನ್ ಹತ್ತಿರದ ತೋಟಗಾರಿಕೆ ವಿಶ್ವವಿದ್ಯಾಲಯದವರು ಹಿಮಾಲಯದ್ದೇ ಆದ ಬಾಂಬಸ್ ಹೆಮರಾಯ್ಡಾಲಿಸ್ ಜಾತಿಯನ್ನು ಸಾಕಿ ಪಾಲಿಹೌಸಿನಲ್ಲಿ ಬಳಸುವ ಕೆಲಸ ಮಾಡಿದ್ದಾರೆ. ಆದರೆ ಇಲ್ಲೂ ಎಚ್ಚರ ಬೇಕು. ಹಿಮಾಚಲಕ್ಕೆ ಅದು ನಾಟಿ, ನಮಗೆ ಅಲ್ಲ. ನೀಲಗಿರಿಯ ತಂಪಿಗೋ ಕೊಡಗಿನ ತಂಪಿಗೋ ಅದನ್ನು ತಂದು ಬಿಟ್ಟರೆ ಅದೂ ಹೊರಗಿನದೇ. ಒಂದೇ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಕಾಡಿಗೆ ಅದು ಮನೆಯವನಾಗುವುದಿಲ್ಲ.

ಜೇನನ್ನು ಊರಿಂದೂರಿಗೆ ಸಾಗಿಸಿದರೆ ಏನಾಗುತ್ತದೆ ಅಂತ ಪ್ರಪಂಚದ ಜೇನು ಸಾಕುವವರಿಗೆಲ್ಲ ಈಗ ಗೊತ್ತಿದೆ. ವರೋವಾ ಅನ್ನುವ ನುಸಿ ಮೂಲದಲ್ಲಿ ನಮ್ಮ ಏಷ್ಯಾದ ತುಡುವೆಯ ಮೇಲೆ ಇದ್ದದ್ದು. ತುಡುವೆ ಅದನ್ನು ಹೇಗೋ ಸಂಭಾಳಿಸಿಕೊಂಡು ಬಂದಿತ್ತು. ಯುರೋಪಿನ ಮೆಲ್ಲಿಫೆರಾ ಜೇನನ್ನು ಏಷ್ಯಾಕ್ಕೆ ತಂದಾಗ ನುಸಿ ಅದಕ್ಕೆ ಹತ್ತಿತು. ಅಲ್ಲಿಂದ ಪ್ರಪಂಚವೆಲ್ಲ ಹರಡಿ ಲೆಕ್ಕವಿಲ್ಲದಷ್ಟು ಗೂಡುಗಳನ್ನು ಖಾಲಿ ಮಾಡಿತು. ಹೊಸ ರೋಗ ಜೇನಿಗೆ ಏನು ಮಾಡುತ್ತದೆ ಅನ್ನುವುದು ನಮ್ಮ ಮಲೆನಾಡಿನವರಿಗೂ ಮರೆತಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದಾಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇ 90ರಷ್ಟು ಹೋದವು ಅಂತ ಅಂದಾಜು. ಎರಿಯ ಕೋಣೆಯಲ್ಲೇ ಮರಿ ಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ಆಗಿನ ಖಾಲಿ ಪೆಟ್ಟಿಗೆಗಳ ಬಗ್ಗೆ ಹಳಬರು ಇಂದೂ ಹೇಳುತ್ತಾರೆ.

ಚಿಲಿಯಲ್ಲಿ ಈಗ 'ನಮ್ಮ ದುಂಬಿ ಉಳಿಸೋಣ' ಅಂತ ಜನರೇ ಸೇರಿ ಒಂದು ಕೆಲಸ ಮಾಡುತ್ತಿದ್ದಾರೆ. ಕಿತ್ತಳೆ ದುಂಬಿ ಎಲ್ಲಿ ಕಂಡರೂ ಫೋಟೊ ತೆಗೆದು, ಜಾಗ ಬರೆದು ಕಳಿಸುತ್ತಾರೆ. ಎಲ್ಲಿ ಉಳಿದಿದೆ ಅಂತ ಗೊತ್ತಾದರೆ ತಾನೇ ಆ ಜಾಗವನ್ನಾದರೂ ಕಾಪಾಡಲು ಆಗುವುದು.

ನಮ್ಮಲ್ಲಿ ಪಾಲಿಹೌಸ್ ಮಾಡಿರುವ ಗೆಳೆಯರಿಗೆ ಒಂದು ಮಾತು. ನಾಳೆ ಯಾರಾದರೂ ಬಂದು ಪರಾಗಸ್ಪರ್ಶಕ್ಕೆ ದುಂಬಿ ಪೆಟ್ಟಿಗೆ ಇದೆ, ತಗೊಳ್ಳಿ ಅಂದರೆ ಮೂರು ಪ್ರಶ್ನೆ ಕೇಳಿ. ಯಾವ ಜಾತಿ? ಎಲ್ಲಿಂದ ಬಂತು? ಅನುಮತಿ ಯಾರು ಕೊಟ್ಟರು? ಉತ್ತರ ಸರಿಯಾಗಿ ಬರದಿದ್ದರೆ ಪೆಟ್ಟಿಗೆ ಒಳಗೆ ಬಿಟ್ಟುಕೊಳ್ಳಬೇಡಿ.

ಬಯಲಿನಲ್ಲಿ ಬದನೆ, ಟೊಮೆಟೊ ಬೆಳೆಯುವವರಿಗೆ ಪೆಟ್ಟಿಗೆಯೇ ಬೇಕಿಲ್ಲ. ನೀಲಿ ಪಟ್ಟೆ ಜೇನಿಗೆ ಬೇಕಾದ್ದು ಸಿಮೆಂಟು ಬಳಿಯದ ಒಂದು ಚೂರು ಮಣ್ಣು. ನಮ್ಮ ಹಿತ್ತಲಿನ ಹಳೆಯ ಮಣ್ಣಿನ ಗೋಡೆಯಲ್ಲಿ ಪೆನ್ಸಿಲ್ ಗಾತ್ರದ ತೂತುಗಳಿವೆ. ಕಳೆದ ವರ್ಷ ಅದಕ್ಕೆ ಗಾರೆ ಮಾಡಿಸಿಬಿಡೋಣ ಅಂತ ಮನೆಯಲ್ಲಿ ಮಾತು ಬಂದಿತ್ತು. ಅಮ್ಮನನ್ನು ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಒಂದು ಜೇನು ಹಿಂಗಾಲುಗಳ ತುಂಬ ಹಳದಿ ಪುಡಿ ಹೊತ್ತು ಬಂದು ತೂತಿನೊಳಗೆ ನುಗ್ಗಿತು. ಗೋಡೆ ಹಾಗೇ ಇದೆ.